‘ಗುಸ್ತಾರ್’ ಕ್ರಿಯಾಪದಕ್ಕೆ ಕನ್ನಡದ ದಾರಿಯೇ ಸಲೀಸು

ಸ್ಪ್ಯಾನಿಷ್ ಕಲಿಯುವವರು ‘ನನಗೆ ಕಾಫಿ ಇಷ್ಟ’ ಎನ್ನಲು ‘ಯೊ ಗುಸ್ತೊ ಕಫೆ’ ಎಂದುಬಿಡುತ್ತಾರೆ. ಇದು ಇಂಗ್ಲಿಷ್ ಮೂಲಕ ಯೋಚಿಸುವುದರಿಂದ ಆಗುವ ತಪ್ಪು. ದಯವಿಟ್ಟು ನೇರವಾಗಿ ಕನ್ನಡದಿಂದ ಹೋಗಿ: ‘ಮೆ’ ಎಂದರೆ ‘ನನಗೆ’, ‘ಗುಸ್ತಾರ್’ ಎಂದರೆ ‘ಇಷ್ಟವಾಗು’. ಹಾಗಾಗಿ ‘ಮೆ ಗುಸ್ತಾ ಎಲ್ ಕಫೆ’. ಇಲ್ಲಿ ಕರ್ತೃ ಕಾಫಿ, ನಾನಲ್ಲ. ಇಂಗ್ಲಿಷಿನ ‘the’ ಥರದ ‘ಎಲ್’ ಬಿಡಬೇಡಿ.

ಇಷ್ಟವಾಗುವ ವಸ್ತು ಬಹುವಚನವಾದರೆ ಕ್ರಿಯಾಪದವೂ ಬದಲಾಗಬೇಕು: ‘ಮೆ ಗುಸ್ತಾನ್ ಲೋಸ್ ಮಾಂಗೊಸ್’, ನನಗೆ ಮಾವಿನಹಣ್ಣುಗಳು ಇಷ್ಟ. ಹೆಚ್ಚಿನವರು ಎಡವುವುದು ಇಲ್ಲೇ. ಆದರೆ ಹಾಡುವುದು, ಕುಣಿಯುವುದು ಎರಡೂ ಇಷ್ಟವೆಂದರೂ ಏಕವಚನವೇ: ‘ಮೆ ಗುಸ್ತಾ ಕಂತಾರ್ ಇ ಬೈಲಾರ್’.

ತಲೆನೋವಿಗೂ ಇದೇ ಕಟ್ಟು: ‘ಮೆ ದುಎಲೆ ಲಾ ಕಬೇಸಾ’. ‘ಮೆ’ ಇರುವುದರಿಂದ ‘ನನ್ನ’ ಎಂಬರ್ಥದ ‘ಮಿ’ ಬೇಡ, ‘ಎಲ್’ ಥರದ್ದೇ ಆದ ‘ಲಾ’ ಸಾಕು.

ಒಂದು ಎಚ್ಚರಿಕೆ: ಸ್ನೇಹಿತರಿಗೆ ‘ಮೆ ಗುಸ್ತಾಸ್’ (ನನಗೆ ನೀನು ಇಷ್ಟ) ಎಂದರೆ ಸಾಮಾನ್ಯವಾಗಿ ಪ್ರೇಮನಿವೇದನೆ ಎಂದೇ ತಿಳಿಯುತ್ತಾರೆ. ಸ್ನೇಹದ ಇಷ್ಟಕ್ಕೆ ‘ಮೆ ಕಾಯೆಸ್ ಬಿಎನ್’ ಎನ್ನಿ.