ಕಿಡಿ ಪರೀಕ್ಷೆಯ ನಂತರ ಕಾರು ಸ್ಟಾರ್ಟ್ ಆಗದಿದ್ದರೆ
ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಸರದಿಯಂತೆ ಕಿಡಿಯ ವಿದ್ಯುತ್ ಹಂಚುವ ಭಾಗ) ಇರುವ ಹಳೆಯ ಕಾರ್ಬುರೇಟರ್ ಮಾರುತಿ 800ರಲ್ಲಿ ಪ್ಲಗ್ ಕಳಚಿ ಕಿಡಿ ಪರೀಕ್ಷಿಸಿದ ಮೇಲೆ, ಸ್ಟಾರ್ಟರ್ ಚೆನ್ನಾಗಿ ತಿರುಗಿಯೂ ಎಂಜಿನ್ ಸ್ಟಾರ್ಟ್ ಆಗದಿದ್ದರೆ, ಹೊಸ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ) ಕೊಳ್ಳುವ ಮುನ್ನ ಪರೀಕ್ಷೆಗೆಂದು ಕೈ ಹಾಕಿದ ಜಾಗಗಳನ್ನೇ ಮೊದಲು ನೋಡಬೇಕು. ಕೀ ಆಫ್ ಮಾಡಿ, ಪ್ಲಗ್ ವೈರುಗಳು ಡಿಸ್ಟ್ರಿಬ್ಯೂಟರಿನೊಳಗಿನ ರೋಟರ್ ತಿರುಗುವ ದಿಕ್ಕಿನಲ್ಲಿ, ಸಿಲಿಂಡರುಗಳ 1-3-2 ಕ್ರಮದಲ್ಲಿವೆಯೇ ಎಂದು ಪರಿಶೀಲಿಸಿ. ಎರಡು ವೈರುಗಳು ಅದಲುಬದಲಾಗಿದ್ದರೆ ಕಿಡಿ ಬಂದರೂ ಅದು ತಪ್ಪು ಸಿಲಿಂಡರಿಗೆ ಹೋಗುತ್ತದೆ, ಕಾರ್ಬುರೇಟರಿನಿಂದಲೋ ಸೈಲೆನ್ಸರಿನಿಂದಲೋ ‘ಢಬ್’ ಎಂಬ ಸದ್ದೂ ಕೇಳಬಹುದು. ಕಾಯಿಲಿನಿಂದ ಬರುವ ನಡುವಿನ ವೈರಿನ ಮೇಲೆ ರಬ್ಬರ್ ಮುಚ್ಚಿಕೊಂಡಿರುವುದರಿಂದ ಒಳಗೆ ಅದು ಸಡಿಲವಾಗಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಡಿಸ್ಟ್ರಿಬ್ಯೂಟರಿನ ಕ್ಯಾಪಿನೊಳಕ್ಕೆ ಒತ್ತಿಯೇ ನೋಡಬೇಕು. ಪ್ಲಗ್ ತುದಿ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಒಣಗಿಸಿ ಕೂರಿಸಿ, ಚೋಕ್ ಎಳೆಯದೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಕೆಲವೇ ಸೆಕೆಂಡು ಸ್ಟಾರ್ಟರ್ ತಿರುಗಿಸಿ.