ಬದುವಿನ ಕತ್ತಾಳೆ: ಎಷ್ಟು ಕೊಯ್ಯಬೇಕು, ಎಷ್ಟು ಬಿಡಬೇಕು

ನಮ್ಮ ಹೊಲ ಚಳ್ಳಕೆರೆ ಸೀಮೆಯಲ್ಲಿದೆ. ಶೇಂಗಾ ಬೆಳೆಯುವ ಒಣ ನೆಲ. ಬದುವಿನುದ್ದಕ್ಕೂ ಕತ್ತಾಳೆ. ಯಾವ ಕಾಲಕ್ಕೆ ಬೇಲಿಗೆ ಅಂತ ತಂದು ಹಾಕಿದರೋ, ಈಗ ತಾನಾಗಿಯೇ ಹಬ್ಬಿದೆ. ಅದರ ತವರು ಮೆಕ್ಸಿಕೋ ಅಂದರೆ ಊರಲ್ಲಿ ಯಾರೂ ನಂಬಲ್ಲ.

ನಾರು ತೆಗೆಯಲು ಶುರು ಮಾಡಿದ ವರ್ಷ ಆಸೆಗೆ ಬಿದ್ದೆ. ಬೇಸಿಗೆಯಲ್ಲಿ ಕುಡುಗೋಲು ಹಿಡಿದು, ಸುಳಿ ಮತ್ತು ನಾಲ್ಕೈದು ಎಲೆ ಬಿಟ್ಟು ಉಳಿದದ್ದೆಲ್ಲ ಕೊಯ್ದುಬಿಟ್ಟೆ. ಗಿಡಗಳು ಸಿಪ್ಪೆ ಹೆರೆದ ಅನಾನಸ್ ಥರ ನಿಂತವು. ಮಳೆ ಬಂದಾಗ ಎರಡು ಗಿಡ ಸುಳಿಯಲ್ಲೇ ಕೊಳೆತವು. ಉಳಿದವಕ್ಕೆ ಮುಂದಿನ ವರ್ಷ ಬಂದ ಎಲೆ ಮೊಳದುದ್ದವೂ ಇರಲಿಲ್ಲ. ಆ ನಾರಿನಿಂದ ಒಂದು ಕಣ್ಣಿಯನ್ನೂ ಹೊಸೆಯಲು ಆಗಲಿಲ್ಲ. ಕತ್ತಾಳೆ ಬೇಸಿಗೆಗೆ ನೀರು ಕೂಡಿಡುವುದೇ ಎಲೆಯಲ್ಲಿ. ಅದನ್ನೇ ಕಿತ್ತುಕೊಂಡರೆ ಗಿಡ ಯಾವುದರ ಮೇಲೆ ಬದುಕಬೇಕು?

ಈಗ ನೆಟ್ಟಗೆ ನಿಂತ ಎಲೆ ಮುಟ್ಟುವುದಿಲ್ಲ. ನೆಲದ ಕಡೆ ವಾಲಿದ ಬುಡದ ಎಲೆ ಮಾತ್ರ ಕೊಯ್ಯುತ್ತೇನೆ. ಗಿಡದಲ್ಲಿ 20 ಎಲೆಯಾದರೂ ಉಳಿಯಬೇಕು. ವರ್ಷಕ್ಕೆ ಒಂದೇ ಸಲ, ದೀಪಾವಳಿ ಕಳೆದ ಮೇಲೆ. ಆಗ ಎಲೆಯಲ್ಲಿ ರಸ ತುಂಬಿರುತ್ತದೆ, ತಿರುಳು ಸಲೀಸಾಗಿ ಬಿಡುತ್ತದೆ. ಮೊದಲು ತುದಿಯ ಮುಳ್ಳು ಕತ್ತರಿಸಿ. ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ, ರಸ ತಾಗಿದರೆ ವಿಪರೀತ ನವೆ.

ಹಿಂದೆ ಎಲೆಯನ್ನು ಕೆರೆಯಲ್ಲಿ ಕೊಳೆಹಾಕುತ್ತಿದ್ದರು. ನೀರು ನಾರುತ್ತದೆ, ಮೀನು ಸಾಯುತ್ತವೆ. ನಾನು ಹಸಿ ಎಲೆಯನ್ನೇ ಜಜ್ಜಿ, ಹಲಗೆ ಮೇಲಿಟ್ಟು ಮೊಂಡು ಕತ್ತಿಯಿಂದ ಹೆರೆಯುತ್ತೇನೆ. ಹಸಿರು ತಿರುಳು ಲೋಳೆಯಂತೆ ಜಾರಿ, ಒಳಗಿಂದ ಬಿಳಿ ನಾರು ಕೂದಲಿನ ಹಾಗೆ ಹೊರಬರುತ್ತದೆ. ಅದನ್ನು ನೋಡುವುದೇ ನನಗೆ ದೊಡ್ಡ ಖುಷಿ. ತಕ್ಷಣ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಬಣ್ಣ ಕೆಡುತ್ತದೆ. 100 ಕೆಜಿ ಎಲೆಗೆ ಒಣ ನಾರು ಸಿಗುವುದು 3–4 ಕೆಜಿ ಅಷ್ಟೆ. ಅದಕ್ಕೇ ಕೈ ಸುಮ್ನೆ ಇನ್ನೊಂದು ಎಲೆಗೆ ಹೋಗುತ್ತದೆ.

ಬುಡದಲ್ಲಿ ಏಳುವ ಮರಿಗಳನ್ನು ಮೊಣಕಾಲೆತ್ತರ ಆಗುವವರೆಗೆ ಕೀಳುವುದಿಲ್ಲ. ಮುಂಗಾರಿನ ಮೊದಲ ಹದಕ್ಕೆ ಬದು ಖಾಲಿ ಇರುವ ಕಡೆ ನೆಡುತ್ತೇನೆ. ಹೂವಿನ ಕಂಬ ಎದ್ದ ಗಿಡ ಹೇಗೂ ಸಾಯುತ್ತದೆ. ಆದರೂ ಕಂಬ ಕಡಿಯಲ್ಲ. ನಮ್ಮಲ್ಲಿರುವ ಜಾತಿಯಲ್ಲಿ ಅದರ ತುದಿಯಲ್ಲೂ ಮರಿ ಬಿಡುತ್ತದೆ. ಅವು ತಾವಾಗಿ ಉದುರುವವರೆಗೆ ಕಾಯುತ್ತೇನೆ.

ಅವತ್ತು ನಾನು ಬೋಳಿಸಿದ ಗಿಡಗಳಲ್ಲಿ ಒಂದು ನಾಲ್ಕು ವರ್ಷದ ಮೇಲೆ ಸುಧಾರಿಸಿದೆ. ಎಲೆ ಸೊಂಟದೆತ್ತರ ಬಂದಿದೆ. ಈ ಸಲ ಅದರಿಂದ ಆರು ಎಲೆ ತೆಗೆದುಕೊಂಡೆ.