ಒರೆಗಾನ್ ವಲಸಿಗರ ವಂಶಾವಳಿ: ಸಿಕ್ಕು ಬಿಡಿಸಿದ ಜಮೀನಿನ ಕಡತ

ನಮ್ಮ ಸೊಸೆಯ ತಾಯಿಯ ಕಡೆಯವರು ಎತ್ತಿನ ಗಾಡಿ ಕಟ್ಟಿಕೊಂಡು ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್‌ಗೆ ಬಂದ ಮೊದಮೊದಲ ವಲಸಿಗರು. ಅವರ ವಂಶವೃಕ್ಷ ಬರೆಯಲು ಕೂತರೆ 1850ರ ಜನಗಣತಿಯಲ್ಲಿ ಒಂದೇ ಹೆಸರಿನ ಇಬ್ಬರು! ಆ ಗಣತಿಯಲ್ಲಿ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಎಲ್ಲ ಇದೆ. ಯಾರು ಯಾರಿಗೆ ಏನಾಗಬೇಕು ಅನ್ನುವುದು ಮಾತ್ರ ಇಲ್ಲ. ಆ ಕಾಲಂ ಬಂದದ್ದು 1880ರಲ್ಲಿ.

ದಾರಿ ತೋರಿಸಿದ್ದು ಜಮೀನಿನ ಕಾಗದ. ವಲಸಿಗರಿಗೆ ಸರ್ಕಾರ ಉಚಿತವಾಗಿ ಜಮೀನು ಕೊಟ್ಟ 1850ರ ಭೂದಾನ ಕಾಯ್ದೆಯ ಪ್ರಕಾರ, ಆ ವರ್ಷದ ಡಿಸೆಂಬರ್ 1ರೊಳಗೆ ನೆಲೆಸಿದ ಒಂಟಿ ಗಂಡಸಿಗೆ 320 ಎಕರೆ, ದಂಪತಿಗೆ 640. ಅದರಲ್ಲಿ ಅರ್ಧ ಹೆಂಡತಿಯ ಹೆಸರಿಗೇ. (ಮೂಲನಿವಾಸಿಗಳ ಜೊತೆ ಒಪ್ಪಂದ ಅಂತಿಮವಾಗುವ ಮೊದಲೇ ಅವರ ನೆಲ ಹಂಚಿದ್ದು, ಆ ಮಾತು ಬೇರೆ.) ಹೆಚ್ಚಿನ ಎಕರೆ ಬೇಕಿದ್ದರೆ ಮದುವೆ ರುಜುವಾತಾಗಬೇಕು. ಹಾಗಾಗಿ ಕಡತಗಳಲ್ಲಿ ಹುಟ್ಟಿದ ಊರು, ವರ್ಷ, ಮದುವೆಯ ದಿನ, ಹೆಂಡತಿಯ ಹೆಸರು, ನೆರೆಯವರ ಸಾಕ್ಷಿ ಸಿಗುತ್ತವೆ. ವಂಶಾವಳಿ ಹುಡುಕುವವರಿಗೆ ಇದಕ್ಕಿಂತ ಇನ್ನೇನು ಬೇಕು!

ಇಬ್ಬರ ಕಡತದ ಮೈಕ್ರೋಫಿಲ್ಮ್ ಪ್ರತಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಬ್ಬ ಅವಿವಾಹಿತ. ಇನ್ನೊಬ್ಬನ ಹೆಂಡತಿಯ ಹೆಸರು ಮನೆಯ ಹಳೇ ಬೈಬಲ್‌ನಲ್ಲಿ ಬರೆದಿಟ್ಟ ಹೆಸರಿಗೆ ತಾಳೆಯಾಯಿತು. ಸಾಕ್ಷಿ ಹಾಕಿದವನ ಮನೆತನದ ಹೆಸರೂ ಅವಳ ತವರಿನದೇ. ಈಗ ಆ ಎಳೆ ಹಿಡಿದು ಮಿಸೌರಿ ರಾಜ್ಯದ ಮದುವೆ ದಾಖಲೆಗಳನ್ನು ನೋಡುತ್ತಿದ್ದೇನೆ.